ಸುಟ್ಟುಕೊಂಡಿದ್ದಾಳೆ

ಡ್ರೆಸ್ಸಿಂಗ್ ರೂಮಿನಲ್ಲಿ ಅಳದ ಮಗು ಅಪರೂಪ. ಗಾಯಕ್ಕೆ ಅಂಟಿದ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಎಷ್ಟೇ ಮೆತ್ತಗೆ ಬಿಡಿಸಿದರೂ ದೊಡ್ಡ ದೊಡ್ಡ ಮೀಸೆಯವರೇ ‘ಅಯ್ಯಪ್ಪಾ’ ಅಂತ ಎದ್ದು ಕೂರುತ್ತಾರೆ. ಮಕ್ಕಳಂತೂ ಬಾಗಿಲಲ್ಲಿ ಸ್ಪಿರಿಟ್ ವಾಸನೆ ಬಡಿದ ಕೂಡಲೇ ರಾಗ ತೆಗೆಯುತ್ತಾರೆ. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದ ಅಷ್ಟೂ ವರ್ಷ ಆ ರಾಗ ನನ್ನ ಕಿವಿಯಲ್ಲೇ ಇತ್ತು.

2004ರಲ್ಲಿ ಬಂದ ಆ ಹುಡುಗಿ ಅಳಲಿಲ್ಲ. ಏಳು ವರ್ಷವಿರಬಹುದು. ಅಪ್ಪ ಅವ್ವ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದರು, ಮಗು ದೊಡ್ಡಪ್ಪನ ಮನೆಯಲ್ಲಿತ್ತು. ಕರೆದುಕೊಂಡು ಬಂದಿದ್ದವರು ದೊಡ್ಡವ್ವ. ಎರಡೂ ಕೈ ಸುಟ್ಟಿತ್ತು, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ. ‘ಬಚ್ಚಲ ಹಂಡೆಗೆ ಕೈ ಹಾಕ್ಬುಟ್ಲು ಕಣ್ ಸಿಸ್ಟ್ರೇ, ಏನ್ ಮಾಡೋದು ಹೇಳಿ, ಕಣ್ ತಪ್ಪಿಸಿ ಬುಟ್ಲು’ ಅಂದರು ದೊಡ್ಡವ್ವ. ನಾನು ಗುಳ್ಳೆ ಒಡೆದ ಕಡೆ ತೊಳೆದು, ಸಿಲ್ವರ್ ಸಲ್ಫಾಡಯಜಿನ್ ಮುಲಾಮು ಬಳಿದು, ಬೆರಳು ಬೆರಳಿಗೂ ಬೇರೆ ಬೇರೆ ಗಾಜ್ ಸುತ್ತಿದೆ. ಅಷ್ಟು ಹೊತ್ತೂ ಅವಳು ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದಳು. ‘ಎಷ್ಟು ಜಾಣೆ ನೋಡ್ರೀ’ ಅಂತ ನಾನು ಆಯಾಗೆ ತೋರಿಸಿದೆ. ಆಯಾ ಅವಳ ಕೆನ್ನೆ ಚಿವುಟಿದಳು. ರಿಜಿಸ್ಟರಿನಲ್ಲಿ ಬರೆದೆ: ‘ಬಿಸಿನೀರಿಗೆ ಕೈ ಹಾಕಿ ಸುಟ್ಟುಕೊಂಡಿದ್ದಾಳೆ.’ ಡಾಕ್ಟರನ್ನು ಎಂಎಲ್‌ಸಿ ಮಾಡೋಣವಾ ಸಾರ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ದಾಖಲಿಸೋಣವಾ, ಅಂತ ಕೇಳಿದ್ದು ನಿಜ. ‘ಮನೇಲಿ ಆಗಿದ್ದಲ್ವಾ ಸಿಸ್ಟರ್, ಬಿಡಿ’ ಅಂದರು. ಬಿಟ್ಟೆ.

ಆ ಹುಡುಗಿಯ ಕೈ ನನಗೆ ಏನು ಹೇಳುತ್ತಿತ್ತು ಅಂತ ತಿಳಿದದ್ದು ಎಷ್ಟೋ ವರ್ಷ ಆದಮೇಲೆ, ಜಿಲ್ಲಾ ಕೇಂದ್ರದಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ. ಮಕ್ಕಳ ಡಾಕ್ಟರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಮಗು ತಾನಾಗಿ ಬಿಸಿನೀರಿಗೆ ಕೈ ಹಾಕಿದರೆ ಚುರುಕ್ ಅಂದ ಕೂಡಲೇ ಎಳೆದುಕೊಳ್ಳುತ್ತದೆ. ನೀರು ಸಿಡಿಯುತ್ತದೆ, ತೋಳಿನ ಮೇಲೆ, ಎದೆಯ ಮೇಲೆ ಅಲ್ಲಲ್ಲಿ ಚುಕ್ಕೆ ಚುಕ್ಕೆ ಸುಡುತ್ತದೆ. ಸುಟ್ಟ ಜಾಗದ ಅಂಚು ಅಂಕುಡೊಂಕಾಗಿರುತ್ತದೆ, ಸಾಮಾನ್ಯವಾಗಿ ಒಂದೇ ಕೈ. ಎರಡೂ ಕೈ ಒಂದೇ ಮಟ್ಟಕ್ಕೆ, ಬಳೆ ತೊಡಿಸಿದ ಹಾಗೆ ಗೆರೆ ಎಳೆದು ನಿಂತಿದ್ದರೆ, ಸುತ್ತ ಒಂದು ಸಿಡಿದ ಹನಿಯ ಗುರುತೂ ಇಲ್ಲದಿದ್ದರೆ, ಆ ಕೈಗಳನ್ನು ಯಾರೋ ನೀರಿನೊಳಗೆ ಹಿಡಿದಿದ್ದರೇ ಎಂಬ ಪ್ರಶ್ನೆ ಏಳಲೇಬೇಕು. ಕೈಗವಸು ಹಾಕಿದಂತೆ, ಅಂದರು ಆ ಡಾಕ್ಟರು. ಪಕ್ಕದಲ್ಲಿದ್ದ ಸಿಸ್ಟರ್ ನೋಟ್ಸ್ ಬರೆದುಕೊಳ್ಳುತ್ತಿದ್ದರು. ನಾನು ಎದ್ದು ಹೊರಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ಕೈ ತೊಳೆದುಕೊಂಡೆ.

ಆಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಕೈಯಲ್ಲ, ಆ ಕ್ರಿಯಾಪದ. ‘ಸುಟ್ಟುಕೊಂಡಿದ್ದಾಳೆ.’ ನಮ್ಮ ಭಾಷೆಯ ಆ ‘ಕೊಳ್ಳು’ ಎಷ್ಟು ಸಲೀಸಾಗಿ ಮಾಡಿದವರನ್ನು ಮರೆಸಿ ಆದವರ ತಲೆಗೇ ಕಟ್ಟುತ್ತದೆ ನೋಡಿ. ಕೈ ಮುರಿದುಕೊಂಡ, ತಲೆ ಒಡೆದುಕೊಂಡ, ತುಟಿ ಕಚ್ಚಿಕೊಂಡಳು. ‘ಬಿದ್ದ’ ಎಂಬ ಇನ್ನೊಂದು ಪದವಿದೆ, ಅದಕ್ಕಂತೂ ಮಾಡಿದವರೇ ಬೇಡ. ನನ್ನ ಮೂವತ್ತಕ್ಕೂ ಹೆಚ್ಚು ವರ್ಷದ ಸರ್ವಿಸಿನಲ್ಲಿ ರಿಜಿಸ್ಟರಿನಲ್ಲಿ ಎಷ್ಟು ಮಕ್ಕಳು ಬಿದ್ದಿದ್ದಾರೋ ಲೆಕ್ಕವಿಲ್ಲ. ಅವರಲ್ಲಿ ಬಹುಪಾಲು ನಿಜವಾಗಿಯೂ ಬಿದ್ದವರೇ. ಸೀಬೆ ಮರದಿಂದ, ಎತ್ತಿನ ಗಾಡಿಯಿಂದ, ಕಬ್ಬಿನ ಲಾರಿಯ ಹಿಂದೆ ಜಗ್ಗಾಡಿ. ಆದರೆ ಬಿದ್ದ ಅಂತ ನನಗೆ ಹೇಳಿದವರು ಯಾರು ಎಂದು ನಾನು ಒಂದೇ ಒಂದು ಸಲವೂ ಬರೆದಿರಲಿಲ್ಲ. ಜೊತೆಗೆ ಬಂದವರ ಮಾತನ್ನು ನಾನೇ ಕಣ್ಣಾರೆ ಕಂಡವಳ ಹಾಗೆ ನನ್ನ ಕೈಬರಹದಲ್ಲಿ ದಾಖಲು ಮಾಡುತ್ತಿದ್ದೆ.

ಗುರುತಿಸುವುದು ಹೇಗೆ ಅಂತ ತರಬೇತಿ ಕೇಳುವವರಿಗೆಲ್ಲ ಲಕ್ಷಣಗಳ ಪಟ್ಟಿ ಬೇಕು. ಕಲಿಯಬೇಕಾದ್ದೇ, ಬೇಡ ಅನ್ನುವುದಿಲ್ಲ. ಓಡಾಡುವ ಮಗುವಿನ ಮೊಣಕಾಲು, ಮುಂಗಾಲು, ಹಣೆ ತರಚಿರುವುದು ಆಡುವ ಮಗುವಿನ ಸರ್ಟಿಫಿಕೇಟು. ಅದೇ ಹೆಪ್ಪುಗಟ್ಟಿದ ನೀಲಿ ಗುರುತು ನಾಲ್ಕು ವರ್ಷದೊಳಗಿನ ಮಗುವಿನ ಕಿವಿ, ಕತ್ತು, ಹೊಟ್ಟೆ, ಬೆನ್ನಿನ ಮೇಲಿದ್ದರೆ ನಿಂತು ನೋಡಬೇಕು. ನಾಲ್ಕು ತಿಂಗಳೂ ತುಂಬದ ಕೂಸಿನ ಮೈಮೇಲೆ ಎಲ್ಲೇ ಇದ್ದರೂ ನೋಡಬೇಕು, ಮಗುಚಲೂ ಬಾರದ ಕೂಸು ಎಲ್ಲಿ ಹೋಗಿ ಬಡಿಸಿಕೊಂಡೀತು? (ನೋಡಿ, ಮತ್ತೆ ‘ಕೊಂಡೀತು’.) ಗಾಯವಾದದ್ದು ಭಾನುವಾರ, ಆಸ್ಪತ್ರೆಗೆ ಬಂದದ್ದು ಬುಧವಾರ. ಅವ್ವ ಹೇಳುವ ಕಥೆ ಒಂದು, ಅಜ್ಜಿ ಹೇಳುವುದು ಇನ್ನೊಂದು. ಮಂಚದಿಂದ ಬಿದ್ದ ಎರಡು ತಿಂಗಳ ಕೂಸಿಗೆ ಬೆನ್ನಿನ ಕಡೆಯ ಪಕ್ಕೆಲುಬು ಮುರಿತ.

ಈ ಅನುಮಾನ ಡಾಕ್ಟರುಗಳಿಗೇ ತಡವಾಗಿ ಹುಟ್ಟಿದ್ದು ಅಂತ ಅಲ್ಲೇ ಕೇಳಿದೆ. 1946ರಲ್ಲಿ ನ್ಯೂಯಾರ್ಕಿನ ಎಕ್ಸ್‌ರೇ ತಜ್ಞ ಜಾನ್ ಕ್ಯಾಫಿ, ತಲೆಯೊಳಗೆ ರಕ್ತ ಕಟ್ಟಿದ ಆರು ಕೂಸುಗಳ ಕೈಕಾಲು ಮೂಳೆಗಳಲ್ಲಿ ಹಳೆಯ, ಹೊಸ ಮುರಿತಗಳನ್ನು ಕಂಡು ಬರೆದರು. ಆ ಮುರಿತಗಳಿಗೆ ಹೊಂದುವಂಥ ಪೆಟ್ಟಿನ ಕಥೆಯನ್ನು ಯಾವ ಅಪ್ಪ ಅಮ್ಮನೂ ಹೇಳಿರಲಿಲ್ಲ. ಇದನ್ನು ಹೊಡೆತ ಅಂತ ಹೆಸರಿಟ್ಟು ಕರೆಯಲು 1962 ಬರಬೇಕಾಯಿತು. ಕೊಲೊರಾಡೊದ ಹೆನ್ರಿ ಕೆಂಪ್ ಮತ್ತು ಜೊತೆಯವರು 71 ಆಸ್ಪತ್ರೆಗಳನ್ನು ವಿಚಾರಿಸಿದಾಗ ಒಂದೇ ವರ್ಷದಲ್ಲಿ 302 ಮಕ್ಕಳ ಪ್ರಕರಣ ಸಿಕ್ಕವು, 33 ಮಕ್ಕಳು ಸತ್ತಿದ್ದರು. ಹೆತ್ತವರು ಹೀಗೆ ಮಾಡಬಲ್ಲರು ಎಂದು ನಂಬಲು ವೈದ್ಯರಿಗೇ ಮನಸ್ಸು ಬರುವುದಿಲ್ಲ ಅಂತ ಕೆಂಪ್ ಆಗಲೇ ಬರೆದಿದ್ದರಂತೆ. ಮನಸ್ಸು ಬಾರದ್ದು ನನಗೂ ಹೊಸದಲ್ಲ. ಎಕ್ಸ್‌ರೇ ಫಿಲಮಿಗೆ ಮುಲಾಜಿಲ್ಲ, ಓದುವವರಿಗೆ ಇರುತ್ತದೆ. ನಮ್ಮಂಥ ಊರಿನಲ್ಲಿ ಮಗುವಿನ ದೊಡ್ಡಪ್ಪ ಅಂದರೆ ನಿಮ್ಮ ಮನೆಗೆ ಹಾಲು ಹಾಕುವವರ ಬೀಗರು, ಹೋದ ವಾರ ನಿಮ್ಮ ಜಮೀನಿನ ಪಹಣಿ ತಂದುಕೊಟ್ಟವರು.

ಲಕ್ಷಣಗಳು ಮೋಸವನ್ನೂ ಮಾಡುತ್ತವೆ. ಹೊಸದಾಗಿ ಬಂದ ಹುಡುಗಿ ಡಾಕ್ಟರೊಬ್ಬರು ಒಂದು ಕೂಸಿನ ಸೊಂಟದ ಕೆಳಗಿನ ನೀಲಿ ಕಲೆ ನೋಡಿ ಬೆಚ್ಚಿಬಿದ್ದಿದ್ದರು. ಅದು ಹುಟ್ಟುಮಚ್ಚೆ, ನಮ್ಮ ದೇಶದ ಕೂಸುಗಳಲ್ಲಿ ಬಹಳ ಸಾಮಾನ್ಯ, ಬೆಳೆಯುತ್ತಾ ಮಾಸುತ್ತದೆ. ಹಿರಿಯ ಡಾಕ್ಟರು ನಗಲಿಲ್ಲ, ‘ಬೆಚ್ಚಿದ್ದು ಒಳ್ಳೇದೇ, ಕೇಸ್‌ಶೀಟಿನಲ್ಲಿ ಕಲೆಯ ಚಿತ್ರ ಬರೆದಿಡಿ, ಮುಂದೆ ಯಾರಾದರೂ ಹೊಡೆತ ಅಂತ ಬರೆದಾರು’ ಅಂದರು. ರಕ್ತ ಹೆಪ್ಪುಗಟ್ಟದ ಕಾಯಿಲೆಯಿರುವ, ಮೂಳೆ ಸುಲಭಕ್ಕೆ ಮುರಿಯುವ ಕಾಯಿಲೆಯಿರುವ ಮಕ್ಕಳ ಹೆತ್ತವರ ಮೇಲೆ ಸುಳ್ಳು ಅನುಮಾನ ಬರುವುದುಂಟು. ಗಾಯದ ಬಣ್ಣ ನೋಡಿ ‘ಇದು ಮೂರು ದಿನದ್ದು’ ಅಂತ ನಾವು ಮೊದಲು ಬರೆಯುತ್ತಿದ್ದೆವಲ್ಲ, ಅದನ್ನೂ ನಂಬುವ ಹಾಗಿಲ್ಲ.

ಇನ್ನು ಬರೆ. ಕೂಸಿಗೆ ಕಾಮಾಲೆಯೋ ಫಿಟ್ಸೋ ಬಂದರೆ ಬಳೆ ಚೂರು ಕಾಯಿಸಿ ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು, ಅದೂ ನಾಟದಿದ್ದಾಗ ನಮ್ಮ ಹತ್ತಿರ ತರುತ್ತಿದ್ದ ಅಜ್ಜಿಯರು ಎಷ್ಟೋ ಮಂದಿ. ನನಗೆ ಸಿಟ್ಟು ಬರುತ್ತಿತ್ತು, ಬೈದದ್ದೂ ಉಂಟು. ಆದರೆ ಆ ಅಜ್ಜಿ ‘ನಾನೇ ಹಾಕಿಸ್ದೆ ಕಣವ್ವ, ಮಗ ಉಳೀಲಿ ಅಂತ’ ಅಂತ ಕಣ್ಣೀರು ಹಾಕಿ ತಾನೇ ಬಟ್ಟೆ ಸರಿಸಿ ತೋರಿಸುತ್ತಾಳೆ. ಸುಟ್ಟದ್ದು ಎರಡೂ ಕಡೆ ಒಂದೇ, ಕೂಸಿಗೆ ನೋವೂ ಅಪಾಯವೂ ಒಂದೇ. ಬೈದರೆ ಆ ಅಜ್ಜಿ ಮುಂದಿನ ಕೂಸನ್ನು ಆಸ್ಪತ್ರೆಗೇ ತರುವುದಿಲ್ಲ. ಕೂರಿಸಿಕೊಂಡು ಮಾತಾಡಿದರೆ ಬೀದಿಯ ಬೇರೆ ಕೂಸುಗಳೂ ಬರೆಯಿಂದ ಉಳಿದಾವು. ಮುಚ್ಚಿಡುವ ದೊಡ್ಡವ್ವನಿಗೂ ತೋರಿಸುವ ಅಜ್ಜಿಗೂ ಒಂದೇ ಮದ್ದು ಅರೆಯಲಾಗದು.

2017ರಲ್ಲಿ ಬಂದ ಹುಡುಗನ ಮೈಮೇಲೆ ಲಕ್ಷಣವೇ ಇರಲಿಲ್ಲ. (ಇಲ್ಲಿನ ಯಾವ ಮಗುವಿನ ಗುರುತೂ ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ.) ಹತ್ತು ವರ್ಷ, ಹೊಟ್ಟೆನೋವು. ಒಂದು ತಿಂಗಳಲ್ಲಿ ನಾಲ್ಕನೇ ಸಲ. ಜಂತುಹುಳುವಿನ ಮಾತ್ರೆ ಆಗಿತ್ತು, ಸ್ಕ್ಯಾನಿಂಗ್ ಆಗಿತ್ತು, ದೃಷ್ಟಿಯೂ ತೆಗೆಸಿದ್ದರು. ಒಪಿ ಚೀಟಿಗಳನ್ನು ಜೋಡಿಸುವಾಗ ನಾಲ್ಕೂ ಸೋಮವಾರದ್ದು ಅಂತ ಕಂಡಿತು. ನಾನು ತೂಕ ನೋಡುವ ನೆಪದಲ್ಲಿ ಅವನೊಬ್ಬನನ್ನೇ ಒಳಗೆ ಕರೆದು, ಗಾಜ್ ಸುರುಳಿಗಳನ್ನು ಎಣಿಸಿ ಡಬ್ಬಕ್ಕೆ ತುಂಬುವ ಕೆಲಸ ಕೊಟ್ಟು ನನ್ನ ಪಾಡಿಗೆ ಬರೆಯುತ್ತಾ ಕುಳಿತೆ. ಎದುರು ಕೂರಿಸಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ದೊಡ್ಡವರೇ ಬಾಯಿ ಬಿಡುವುದಿಲ್ಲ. ಇಪ್ಪತ್ತೋ ಮೂವತ್ತೋ ಎಣಿಸಿದ ಮೇಲೆ, ‘ಸೋಮ್ವಾರ ಟ್ಯೂಷನ್ಗೆ ಹೋಗಲ್ಲ ನಾನು’ ಅಂದ. ‘ಹೂಂ’ ಅಂದೆ. ‘ಯಾರ್ಗೂ ಹೇಳಲ್ಲ ಅಂದ್ರೆ ಒಂದ್ ಇಸ್ಯ ಹೇಳ್ತೀನಿ.’

ಆಣೆ ಹಾಕಿಬಿಡುವುದು ಆ ಗಳಿಗೆಯಲ್ಲಿ ಎಷ್ಟು ಸುಲಭ. ‘ನಿಂಗೆ ಹೀಗೆ ಆಗದಂಗೆ ತಡೆಯೋರಿಗೆ ಮಾತ್ರ ಹೇಳ್ತೀನಿ ಮಗಾ, ಬೇರೆ ಯಾರ್ಗೂ ಇಲ್ಲ’ ಅಂದೆ. ಅವನು ಸುಮ್ಮನಾದ. ಇನ್ನು ಹೇಳುವುದಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಡಬ್ಬದ ಮುಚ್ಚಳ ಹಾಕುತ್ತಾ ಹೇಳಿದ. ಒಂದೇ ವಾಕ್ಯ. ನಾನು ಅದನ್ನು ಅವನ ಬಾಯಲ್ಲಿ ಬಂದ ಹಾಗೇ ಬರೆದುಕೊಂಡೆ.

ಇಲ್ಲಿ ನನ್ನದೊಂದು ತಪ್ಪಾಯಿತು. ‘ಎಷ್ಟ್ ಸಲ?’ ಅಂತ ಕೇಳಿಬಿಟ್ಟೆ, ಆಮೇಲೆ ‘ನೀನ್ಯಾಕೆ ಓಡ್ಹೋಗ್ಲಿಲ್ಲ?’ ಅಂತ. ಮೊದಲನೆಯದು ತನಿಖೆ ಮಾಡುವವರ ಪ್ರಶ್ನೆ, ನನ್ನದಲ್ಲ. ಎರಡನೆಯದು ಯಾರದ್ದೂ ಅಲ್ಲ. ಕೇಳಿದ ಕೂಡಲೇ ಅವನು ಚಡ್ಡಿಯ ಬಟನ್ ನೋಡುತ್ತಾ ನಿಂತ. ‘ನಿಂದೇನೂ ತಪ್ಪಿಲ್ಲ, ಹೇಳಿದ್ದು ಒಳ್ಳೇದಾಯ್ತು’ ಅಂತ ಮೊದಲೇ ಹೇಳಬೇಕಿದ್ದದ್ದನ್ನು ಆಮೇಲೆ ಹೇಳಿದೆ.

ಗಂಡು ಹುಡುಗನಿಗೆ ಹೀಗಾಗುತ್ತದೆಯೇ ಅಂತ ಡ್ಯೂಟಿ ರೂಮಿನಲ್ಲಿ ನನ್ನನ್ನೇ ಕೇಳಿದರು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಹೊರತಂದಿತ್ತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು, 53.22% ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು, ಅವರಲ್ಲಿ ಗಂಡುಮಕ್ಕಳೇ ತುಸು ಹೆಚ್ಚು. 2012ರ ಪೋಕ್ಸೊ ಕಾಯ್ದೆ 18 ತುಂಬದ ಯಾರನ್ನೂ, ಗಂಡಾಗಲಿ ಹೆಣ್ಣಾಗಲಿ, ಮಗು ಅಂತಲೇ ಹೇಳುತ್ತದೆ. ಇದನ್ನು ನಾನು ಆವತ್ತು ಡ್ಯೂಟಿ ರೂಮಿನಲ್ಲಿ ನಿಂತು ಪಾಠದ ಹಾಗೆ ಒಪ್ಪಿಸಲಿಲ್ಲ, ಅಷ್ಟು ಧೈರ್ಯ ಇರಲಿಲ್ಲ. ‘ಸುಮ್ಕಿರಿ ಸಿಸ್ಟ್ರೇ, ರಿಟೈರ್ಡ್ ಆಗೋ ವಯಸ್ನಲ್ಲಿ ಕೋರ್ಟು ಕಚೇರಿ ಯಾಕೆ’ ಅಂದ ಫಾರ್ಮಸಿಸ್ಟಿಗೆ ಒಂದು ಮಾತು ಮಾತ್ರ ಹೇಳಿದೆ: ತಿಳಿದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲೋ, ದಂಡವೋ, ಎರಡೂನೋ. ಮನುಷ್ಯನ ಕರುಣೆ ಕೆಲಸ ಮಾಡದ ಕಡೆ ಈ ವಾಕ್ಯ ಕೆಲಸ ಮಾಡಿದ್ದನ್ನು ನೋಡಿದ್ದೇನೆ.

ಕಾಯ್ದೆ ನಮ್ಮಿಂದ ಕೇಳುವುದು ಕಡಿಮೆ. ರುಜುವಾತು ಹುಡುಕುವುದು ನಮ್ಮ ಕೆಲಸವಲ್ಲ. ಅನುಮಾನವಿದ್ದರೆ ಪೊಲೀಸರಿಗೆ ತಿಳಿಸಬೇಕು. ಅವರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಮಾಹಿತಿ ಕೊನೆಗೆ ಸುಳ್ಳಾದರೂ ಕೊಟ್ಟವರ ಮೇಲೆ ಕೇಸಿಲ್ಲ. ಯಾರಿಗೆ ಹೇಳುವುದು ತಿಳಿಯದಿದ್ದರೆ 1098 ಇದೆ. ‘ಪೊಲೀಸರ ಕಾಗದ ತನ್ನಿ, ಆಮೇಲೆ ನೋಡ್ತೀವಿ’ ಅಂತ ಯಾವ ಆಸ್ಪತ್ರೆಯೂ, ಖಾಸಗಿಯದ್ದೂ, ಮಗುವನ್ನು ತಿರುಗಿಸಿ ಕಳಿಸುವ ಹಾಗಿಲ್ಲ. 2004ರ ಹುಡುಗಿಯ ಸುಟ್ಟ ಕೈಯಂಥದ್ದು ಪೋಕ್ಸೊಗೆ ಬರುವುದಿಲ್ಲ. ಅದಕ್ಕೆ ಈಗ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಇದೆ, ಮಗುವನ್ನು ನೋಡಿಕೊಳ್ಳಬೇಕಾದವರೇ ಕ್ರೌರ್ಯ ಮಾಡಿದರೆ ಮೂರು ವರ್ಷದವರೆಗೆ ಶಿಕ್ಷೆ.

ಹುಡುಗನ ತಪಾಸಣೆ ಆಯಿತು. ಗಾಯವಿಲ್ಲ. ‘ಏನೂ ಇಲ್ವಲ್ಲ ಸಿಸ್ಟರ್’ ಅಂದ ಡಾಕ್ಟರಿಗೆ ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿಯ ಪುಟ ತೆಗೆದುಕೊಟ್ಟೆ: ಗಾಯ ಇಲ್ಲದಿರುವುದು ದೌರ್ಜನ್ಯ ನಡೆದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಹೀಗೆ ಬಂದ ಮಕ್ಕಳಲ್ಲಿ ಹೆಚ್ಚಿನವರ ಮೈಮೇಲೆ ಏನೂ ಸಿಗುವುದಿಲ್ಲ. ಡಾಕ್ಟರು ಓದಿ, ಆ ಮಾತನ್ನೂ ವರದಿಯಲ್ಲಿ ಸೇರಿಸಿದರು. ಒಳ್ಳೆಯ ಮನುಷ್ಯ. ಆದರೆ ಹುಡುಗ ಹೇಳಿದ್ದನ್ನು ಬರೆಯುವ ಜಾಗದಲ್ಲಿ ‘ಸದರಿ ಬಾಲಕನೊಂದಿಗೆ ಅನುಚಿತವಾಗಿ ವರ್ತಿಸಿರುವುದಾಗಿ ತಿಳಿದುಬಂದಿರುತ್ತದೆ’ ಅಂತ ಬರೆದಿದ್ದರು. ಹತ್ತು ವರ್ಷದ ಯಾವ ಮಗು ‘ಅನುಚಿತ’ ಅನ್ನುತ್ತದೆ? ಅವನು ಮೈಯ ಒಂದು ಭಾಗಕ್ಕೆ ತನ್ನ ಮನೆಯಲ್ಲಿ ಬಳಸುವ ಪದ ಹೇಳಿದ್ದ, ಟ್ಯೂಷನ್ ಮಾಡುವವನು ಆ ಆಟಕ್ಕೆ ಇಟ್ಟಿದ್ದ ಹೆಸರು ಹೇಳಿದ್ದ. ಆ ಎರಡು ಪದಗಳನ್ನು ಯಾರೂ ಹೇಳಿಕೊಟ್ಟು ಹೇಳಿಸಲಾರರು. ಅವನ್ನು ಒರೆಸಿ ಕಚೇರಿಯ ಕನ್ನಡ ಹಾಕಿದರೆ ಉಳಿಯುವುದು ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಬರೆಸಬಹುದಾದ ದೂರು. ನನ್ನ ಚೀಟಿ ತೋರಿಸಿದೆ. ಡಾಕ್ಟರು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಉದ್ಧರಣ ಚಿಹ್ನೆ ಹಾಕಿ ಬರೆದರು.

ಪೊಲೀಸರು ಬಂದಾಗ ಮೊದಲು ಬಂದವರು ಖಾಕಿಯಲ್ಲಿದ್ದರು. ಹುಡುಗ ತೂಕದ ಮಿಷಿನ್ ಹಿಂದೆ ಸೇರಿಕೊಂಡ. ಮಗುವಿನ ಹೇಳಿಕೆ ತೆಗೆದುಕೊಳ್ಳುವವರು ಸಮವಸ್ತ್ರದಲ್ಲಿ ಇರಬಾರದು ಅಂತಲೇ ಕಾಯ್ದೆಯಲ್ಲಿದೆ, ಸಾಧ್ಯವಾದಷ್ಟು ಸಬ್‌ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಆಗಬೇಕು ಅಂತಲೂ ಇದೆ. ಸಂಕೋಚದಿಂದಲೇ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಹೋಗಿ, ಸಂಜೆ ಚೂಡಿದಾರದಲ್ಲಿದ್ದ ಮೇಡಂ ಒಬ್ಬರನ್ನು ಅವನ ಮನೆಗೇ ಕಳಿಸಿದರು. ಅಷ್ಟಾದರೂ ಆ ಹುಡುಗ ಅದೇ ಕಥೆಯನ್ನು ನನಗೆ, ಡಾಕ್ಟರಿಗೆ, ಮೇಡಂಗೆ, ಸಮಿತಿಗೆ, ಮ್ಯಾಜಿಸ್ಟ್ರೇಟರಿಗೆ, ಹೀಗೆ ಐದು ಸಲ ಹೇಳಿದ. ನಾನು ಚೆನ್ನಾಗಿ ಬರೆದಷ್ಟೂ ಅವನು ಹೇಳಬೇಕಾದ್ದು ಕಡಿಮೆಯಾಗುತ್ತದೆ ಅಂತ ನಂಬಿದ್ದೆ. ಆಗಲಿಲ್ಲ. ಅವನ ತಾಯಿ ಒಂದು ದಿನ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿ, ‘ನಿಮ್ ಮಕ್ಳಾಗಿದ್ರೆ ಇಂಗ್ ಮಾಡ್ತಿದ್ರಾ? ಊರಲ್ಲಿ ತಲೆ ಎತ್ಕಂಡ್ ತಿರ್ಗಂಗಿಲ್ಲ’ ಅಂದರು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಕೊಟ್ಟಿದ್ದರೆ ಸರಿಯಾದ್ದಂತೂ ಆಗಿರಲಾರದು. ಆ ಕೇಸು ಮುಂದೆ ಏನಾಯಿತು ಅನ್ನುವುದು ಆ ಹುಡುಗನ ವಿಷಯ, ಇಲ್ಲಿ ಬರೆಯುವುದಿಲ್ಲ.

ಬಾಯಿಂದ ಹೇಳಲಾಗದ ಮಕ್ಕಳದ್ದು ಇನ್ನೂ ಕಷ್ಟ. ನಮ್ಮ ಕಡೆಯವರು ಮಾತು ಬಾರದ, ಕಿವಿ ಕೇಳದ ಮಕ್ಕಳನ್ನು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುತ್ತಾರೆ, 1965ರಿಂದ ಇರುವ ಸಂಸ್ಥೆ. ಬಸ್ಸಿನ ದುಡ್ಡು, ಕೂಲಿ ನಷ್ಟ ಅಂತ ಅರ್ಧಕ್ಕೇ ಬಿಟ್ಟವರೂ ಇದ್ದಾರೆ. ಅಂಥ ಮಗುವಿನ ಸನ್ನೆ ಅವ್ವನಿಗೆ ಮಾತ್ರ ಅರ್ಥ. ದೌರ್ಜನ್ಯ ನಡೆದದ್ದು ಮನೆಯಲ್ಲೇ ಆದರೆ, ಹೇಳಿಕೆಯನ್ನು ಅನುವಾದ ಮಾಡಬೇಕಾದವರೂ ಆ ಮನೆಯವರೇ! ವಿಶೇಷ ಶಿಕ್ಷಕರನ್ನೋ ಆ ಮಗುವಿನ ಸಂಜ್ಞೆ ಬಲ್ಲವರನ್ನೋ ಕರೆಸಬೇಕೆಂದು ಕಾಯ್ದೆ ಹೇಳುತ್ತದೆ, ತಾಲ್ಲೂಕು ಮಟ್ಟದಲ್ಲಿ ಅಂಥವರು ಥಟ್ಟನೆ ಸಿಕ್ಕಿದ್ದನ್ನು ನಾನು ನೋಡಲಿಲ್ಲ.

ತಾಯಿ ಕಾರ್ಡಿನ ಬಗ್ಗೆಯೂ ಒಂದು ಮಾತು. ಎಂಟನೇ ಕ್ಲಾಸು ಬಿಡಿಸಿ ಮದುವೆ ಮಾಡಿದ ಹುಡುಗಿ ಗರ್ಭಿಣಿಯಾಗಿ ಬಂದರೆ ಕಾರ್ಡಿನಲ್ಲಿ ವಯಸ್ಸು 19 ಅಂತಲೇ ಇರುತ್ತದೆ. ಆಶಾ ಕಾರ್ಯಕರ್ತೆಗೆ ಗೊತ್ತು, ನಮಗೆ ಗೊತ್ತು, ಹುಡುಗಿಯ ಕೈಯಲ್ಲಿರುವ ಮದರಂಗಿಗೂ ಗೊತ್ತು. ಕಡ್ಡಾಯವಾಗಿ ತಿಳಿಸಬೇಕು ಅನ್ನುವ ನಿಯಮವನ್ನು ಮೇಲೆ ಹೊಗಳಿದೆನಲ್ಲ, ಇಲ್ಲಿ ಅದೇ ನಿಯಮಕ್ಕೆ ಹೆದರಿ ಹುಡುಗಿಯರು ಆಸ್ಪತ್ರೆ ಬಿಟ್ಟು ನಕಲಿ ಡಾಕ್ಟರ ಹತ್ತಿರ ಹೋಗುತ್ತಾರೆ. ಅಪ್ರಾಪ್ತೆಗೆ ಗರ್ಭಪಾತ ಮಾಡುವ ವೈದ್ಯರು, ಹುಡುಗಿಯೂ ಪೋಷಕರೂ ಕೋರಿದರೆ, ವರದಿಯಲ್ಲಿ ಅವಳ ಹೆಸರು ಗುರುತು ಹೇಳಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಆ ತೀರ್ಪು ನಮ್ಮ ಲೇಬರ್ ವಾರ್ಡಿನ ಗೋಡೆಗೆ ಬಂದು ಮುಟ್ಟಿದ್ದನ್ನು ನಾನು ಕಾಣಲಿಲ್ಲ, ಮುಂದಿನ ಮೇ ತಿಂಗಳಿಗೆ ನಿವೃತ್ತಳಾದೆ.

ಕೊನೆಯ ವಾರ ಚಾರ್ಜ್ ಕೊಡುವಾಗ ಸ್ಟೋರ್ ರೂಮಿನಲ್ಲಿ ಹಳೆಯ ರಿಜಿಸ್ಟರುಗಳ ಮೂಟೆ ಕಂಡಿತು. ಎಂದೋ ವಿಲೇವಾರಿ ಆಗಬೇಕಿತ್ತು. ಸರ್ಕಾರಿ ಸೋಮಾರಿತನದಿಂದ ಒಮ್ಮೊಮ್ಮೆ ಉಪಕಾರವೂ ಆಗುತ್ತದೆ. 2004ರ ಡ್ರೆಸ್ಸಿಂಗ್ ರಿಜಿಸ್ಟರಿನ ಮೂಲೆಗೆ ಗೆದ್ದಲು ಹತ್ತಿತ್ತು, ಒಳಗೆ ಅಕ್ಷರ ಚೆನ್ನಾಗಿತ್ತು. ಹುಡುಕಲು ಅರ್ಧ ಗಂಟೆಯಾಯಿತು. ಹೆಸರು, ವಯಸ್ಸು 7, ಊರು, ‘ಸುಟ್ಟುಕೊಂಡಿದ್ದಾಳೆ’. ಅದರ ಮುಂದೆ ಡ್ರೆಸ್ಸಿಂಗಿನ ತಾರೀಖುಗಳು, ನಾಲ್ಕಕ್ಕೆ ರೈಟ್ ಮಾರ್ಕು. ಐದನೆಯದರ ಎದುರು ಕೆಂಪು ಶಾಯಿಯಲ್ಲಿ, ನನ್ನದೇ ಅಕ್ಷರದಲ್ಲಿ, ‘ಬಂದಿಲ್ಲ’ ಎಂದಿತ್ತು.

ಏಳು ವರ್ಷದ ಹುಡುಗಿ, ಎರಡೂ ಕೈಗೆ ಬ್ಯಾಂಡೇಜು, ಊರಿಂದ ಆಸ್ಪತ್ರೆಗೆ ಹನ್ನೊಂದು ಕಿಲೋಮೀಟರು. ನಾನು ಜೇಬಿನ ಪೆನ್ನು ತೆಗೆದು ‘ಬಂದಿಲ್ಲ’ ಎಂಬುದನ್ನು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು ಹೊಡೆದೆ. ಪಕ್ಕದಲ್ಲಿ ‘ಕರೆತಂದಿಲ್ಲ’ ಎಂದು ಬರೆದು, ಆವತ್ತಿನ ತಾರೀಖು ಹಾಕಿ ಸಹಿ ಮಾಡಿದೆ.